ಆರೋಗ್ಯ: ಭಾಗ್ಯವೋ, ಕರ್ತವ್ಯವೋ?

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಶಾಲೆಯ ಗೋಡೆಯಿಂದ ಹಿಡಿದು ಔಷಧದ ಅಂಗಡಿಯ ಕ್ಯಾಲೆಂಡರಿನವರೆಗೆ ಎಲ್ಲೆಲ್ಲಿಯೂ ಅದು ಕಣ್ಣಿಗೆ ಬೀಳುತ್ತದೆ. ಆದರೆ ‘ಭಾಗ್ಯ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಸಂಪತ್ತು, ಇನ್ನೊಂದು ಅದೃಷ್ಟ. ಸಂಪತ್ತು ಎಂದರೆ ದುಡಿದು ಗಳಿಸಬೇಕಾದದ್ದು, ಕಾಯ್ದುಕೊಳ್ಳಬೇಕಾದದ್ದು. ಅದನ್ನು ಕಳೆದುಕೊಂಡವನು ದುಂದುಗಾರ. ಅದೃಷ್ಟವೆಂದರೆ ತಾನಾಗಿ ಬರುವಂಥದು. ಅದು ಇಲ್ಲದವನು ಮರುಕಕ್ಕೆ ಪಾತ್ರ. ಕಾಯಿಲೆ ಬಿದ್ದವರನ್ನು ನೋಡಲು ಹೋದಾಗ ನಮ್ಮ ಬಾಯಲ್ಲಿ ಈ ಎರಡು ಅರ್ಥಗಳೂ ಹೊರಡುತ್ತವೆ. ಮಂಚದ ಪಕ್ಕದಲ್ಲಿ ಕುಳಿತು “ಏನು ಮಾಡೋದು, ಎಲ್ಲಾ ಹಣೆಬರಹ” ಎನ್ನುತ್ತೇವೆ. ಮೆಟ್ಟಿಲಿಳಿಯುತ್ತಾ “ನಾಲಗೆ ಹಿಡಿತದಲ್ಲಿರಲಿಲ್ಲ, ನಾಲ್ಕು ಹೆಜ್ಜೆ ನಡೆದವರೂ ಅಲ್ಲ” ಎನ್ನುತ್ತೇವೆ. ಈ ಎರಡರಲ್ಲಿ ಯಾವುದು ನಿಜ? ಮೈಯನ್ನು ಆರೋಗ್ಯವಾಗಿಟ್ಟುಕೊಳ್ಳುವುದು ಮನುಷ್ಯನ ಕರ್ತವ್ಯವೇ? ಹೌದಾದರೆ ಕಾಯಿಲೆಯವನು ಕರ್ತವ್ಯಭ್ರಷ್ಟನೇ? ದಿನಕ್ಕೆ ಎಂಟು ಗಂಟೆ ಕುರ್ಚಿಗೆ ಅಂಟಿಕೊಂಡಿರುವ ಗುಮಾಸ್ತನಾದ ನನಗೆ ಈ ಪ್ರಶ್ನೆ ಬರೀ ವೇದಾಂತವಲ್ಲ.

ಮೊದಲು ವಿಜ್ಞಾನ ಏನು ಹೇಳುತ್ತದೆಂದು ನೋಡೋಣ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಬಸ್ ನೌಕರರ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿಯ ಬಸ್ಸುಗಳು ಎರಡಂತಸ್ತಿನವು. ಚಾಲಕ ಪಾಳಿಯುದ್ದಕ್ಕೂ ಕುಳಿತಿರುತ್ತಾನೆ; ನಿರ್ವಾಹಕ ಟಿಕೆಟ್ ಕೊಡುತ್ತಾ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಸಂಸ್ಥೆ, ಒಂದೇ ಊರು, ಹೆಚ್ಚುಕಡಿಮೆ ಒಂದೇ ತರಗತಿಯ ಜನ. ಆದರೂ ಹೃದಯಾಘಾತ ನಿರ್ವಾಹಕರಲ್ಲಿ ಕಡಿಮೆ, ಬಂದರೂ ಅಷ್ಟು ಉಗ್ರವಲ್ಲ ಎಂದು ಕಂಡುಬಂತು. ನಮ್ಮಂಥ ಸರಕಾರಿ ನೌಕರರು ಇನ್ನೂ ಗಮನಿಸಬೇಕಾದದ್ದೆಂದರೆ, ಅದೇ ಅಧ್ಯಯನದಲ್ಲಿ ಅಂಚೆ ಇಲಾಖೆಯವರನ್ನೂ ನೋಡಲಾಗಿತ್ತು. ಕಾಗದ ಹಂಚುತ್ತಾ ನಡೆಯುವ ಅಂಚೆಯವನಿಗಿಂತ ಕಚೇರಿಯಲ್ಲಿ ಕೂತ ಗುಮಾಸ್ತ ಹಾಗೂ ಟೆಲಿಫೋನ್ ನೌಕರರ ಹೃದಯವೇ ಹೆಚ್ಚು ತೊಂದರೆಗೆ ಸಿಲುಕಿತ್ತು!

ಮಾರಿಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಮೂರು ವರ್ಷಗಳ ಮೇಲೆ ಅವರು ಅದೇ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟದ ಸುತ್ತಳತೆ ಚಿಕ್ಕ ವಯಸ್ಸಿನಿಂದಲೇ ನಿರ್ವಾಹಕರದಕ್ಕಿಂತ ಹೆಚ್ಚಾಗಿತ್ತು. ಎಂದರೆ ಕುಳಿತು ಕೆಲಸ ಮಾಡಿದ್ದರಿಂದಷ್ಟೇ ಹಾಗಾಯಿತೋ, ಮೊದಲಿನಿಂದ ದಪ್ಪಗಿದ್ದವರೇ ಚಾಲಕರಾದರೋ ಎಂಬ ಸಂದೇಹಕ್ಕೆ ಎಡೆಯುಂಟು. ತನ್ನ ವಾದಕ್ಕೆ ತಾನೇ ತಕರಾರು ತೆಗೆಯುವ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಮುಂದಿನ ದಶಕಗಳಲ್ಲಿ ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳು, ಮೈ ದಣಿಸುವವರ ಹೃದಯ ಹೆಚ್ಚು ಕಾಲ ಬಾಳುತ್ತದೆಂಬ ಮೂಲ ಮಾತನ್ನೇ ಎತ್ತಿ ಹಿಡಿದವು. ಸ್ವತಃ ಮಾರಿಸ್ 2009ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕಾರಣ ಗಹನವೇನಲ್ಲ. ನಾವು ನಡೆದಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ತೆಳ್ಳಗೆ ಕಾಣುವ ಭಾರತೀಯನಿಗೂ ಮಧುಮೇಹ ಬೇಗ ಬರುತ್ತದೆಂಬುದು ತಿಳಿದ ವಿಷಯ. ಹೀಗಿರಲು ಊಟವಾದ ಮೇಲೆ ನೂರು ಹೆಜ್ಜೆ ಹಾಕೆಂದು ನಮ್ಮ ಅಜ್ಜಂದಿರು ಹೇಳುತ್ತಿದ್ದ ಬುದ್ಧಿವಾದಕ್ಕೆ ಈಗ ಪ್ರಯೋಗಶಾಲೆಯ ಮುದ್ರೆಯೂ ಬಿದ್ದಂತಾಯಿತು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಷ್ಟು ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ದಿನಕ್ಕೆ ಅರ್ಧ ಗಂಟೆಗೂ ಕಡಿಮೆ. ಅದನ್ನು ಒಂದೇ ಬಾರಿಗೆ ಮಾಡಬೇಕೆಂದಿಲ್ಲ, ಚೂರು ಚೂರಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆಂದು 2020ರ ಅದರ ಸೂಚನೆಗಳು ತಿಳಿಸುತ್ತವೆ. ಕೇಂದ್ರ ಸರಕಾರವೂ 2019ರಲ್ಲಿ ‘ಫಿಟ್ ಇಂಡಿಯಾ’ ಆಂದೋಲನವನ್ನು ಆರಂಭಿಸಿತು. 2021ರಲ್ಲಿ ನೌಕರರಿಗಾಗಿ ಕುರ್ಚಿಯ ಬಳಿಯೇ ಮಾಡಬಹುದಾದ ಐದು ನಿಮಿಷದ ‘ವೈ-ಬ್ರೇಕ್’ ಎಂಬ ಯೋಗಾಭ್ಯಾಸವನ್ನು ಪ್ರಚಾರಕ್ಕೆ ತಂದಿತು. ದಾರಿ ತಿಳಿಯದೆಂದು ಹೇಳುವಂತಿಲ್ಲ.

ಇನ್ನು ಕರ್ತವ್ಯದ ಪ್ರಶ್ನೆ. “ನನ್ನ ಮೈ, ನನ್ನ ಇಷ್ಟ. ಕೆಡಿಸಿಕೊಂಡರೆ ನಾನು ತಾನೇ ಅನುಭವಿಸುವವನು?” ಎಂದು ಕೇಳುವವರಿದ್ದಾರೆ. ಕೇಳಲು ಸರಿಯೆನಿಸುವ ಈ ಮಾತು ನಮ್ಮಂಥ ವಲಸಿಗರ ಮನೆಯ ಹೊಸ್ತಿಲು ದಾಟಿದೊಡನೆ ಬಿದ್ದುಹೋಗುತ್ತದೆ. ಊರಲ್ಲಾದರೆ ಒಬ್ಬ ಮಲಗಿದರೆ ಅಣ್ಣನಿದ್ದಾನೆ, ಅತ್ತಿಗೆಯಿದ್ದಾಳೆ, ಪಕ್ಕದ ಮನೆಯ ಗೌಡರಿದ್ದಾರೆ. ಇಲ್ಲಿ ಕೋಪರಿಯಲ್ಲೋ ಡೊಂಬಿವಲಿಯಲ್ಲೋ ಎರಡು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಮಕ್ಕಳು. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ರಜೆ ಮುಗಿಯುತ್ತದೆ, ಮಕ್ಕಳ ಓದು ನಿಲ್ಲುತ್ತದೆ, ಊರಿಗೆ ಕಳುಹಿಸುವ ಹಣ ತಪ್ಪುತ್ತದೆ. ನನ್ನ ಕಾಯಿಲೆಯ ಬಿಲ್ಲನ್ನು ಕಟ್ಟುವವರು ಬೇರೆಯವರು. ಸಾಲ ಬೇರೆಯವರ ಹೆಸರಿನಲ್ಲಿ ಏರುತ್ತಿರುವಾಗ “ನನ್ನ ಇಷ್ಟ” ಎನ್ನುವುದು ನ್ಯಾಯವಲ್ಲ.

ನಮ್ಮ ಕೋಪರಿಯ ಒಂದು ವ್ಯಾಯಾಮಶಾಲೆಯಲ್ಲಿ ತರಬೇತಿ ಕೊಡುವ ವಿಜಾಪುರದ ಕಡೆಯ ಯುವಕನೊಬ್ಬ ನನಗೆ ಪರಿಚಿತ. ಜನ ಹೇಗೆ ಬರುತ್ತಾರೆಂದು ಕೇಳಿದರೆ ಅವನು ನಕ್ಕು ಹೇಳಿದ: “ಕಾಕಾ, ಜನವರಿಯೊಳಗ ನಿಲ್ಲಾಕ ಜಾಗಾ ಇರೂದಿಲ್ಲರಿ. ಮಾರ್ಚಿಗೆ ನಾ ಮತ್ತ ಕನ್ನಡಿ, ಇಬ್ಬರ.” ಯಾರು ಉಳಿಯುತ್ತಾರೆ ಎಂದು ಕೇಳಿದೆ. “ಅಂಜಿಕಿಗೆ ಬಂದವರು ಮೂರು ತಿಂಗಳ, ಕನ್ನಡಿ ನೋಡ್ಕೋಳಾಕ ಬಂದವರು ಆರು ತಿಂಗಳ. ಮೊಮ್ಮಗನ್ನ ಎತ್ತಿಕೋಬೇಕು ಅಂತ ಒಬ್ಬ ಆಯಿ ಬರ್ತಾರ, ಅವರು ಮಾತ್ರ ಎರಡ ವರ್ಷದಿಂದ ತಪ್ಪಿಸಿಲ್ಲ ನೋಡ್ರಿ.” ಈ ಹುಡುಗ ನೀತಿಶಾಸ್ತ್ರ ಓದಿದವನಲ್ಲ. ಆದರೂ ವಿಷಯದ ತಿರುಳನ್ನು ಹಿಡಿದಿದ್ದಾನೆ. ತನಗಾಗಿ ಮಾತ್ರ ಮಾಡುವ ವ್ಯಾಯಾಮ ಭಯ ಕಳೆದಾಗ, ಬಯಕೆ ತೀರಿದಾಗ ನಿಂತುಹೋಗುತ್ತದೆ. ಇನ್ನೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ನಿಲ್ಲುವುದಿಲ್ಲ, ಏಕೆಂದರೆ ಆ ಇನ್ನೊಬ್ಬರು ದಿನವೂ ಎದುರಿಗಿರುತ್ತಾರೆ.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ‘ಕಾಯಕ’ ಎಂದರು. ಆ ಪದದ ಒಳಗೆ ‘ಕಾಯ’ ಇದೆ. ಅವರ ಕಲ್ಯಾಣ ಬೀದರ ಜಿಲ್ಲೆಯದು, ನಮ್ಮ ಲೋಕಲ್ ಗಾಡಿ ನಿಲ್ಲುವ ಕಲ್ಯಾಣವಲ್ಲ. ಆದರೆ ಮಾತು ಎರಡೂ ಕಡೆಗೆ ಸಲ್ಲುತ್ತದೆ. ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಲೇಖನವೂ ಒಂದು ಕ್ಯಾಲೆಂಡರಿನ ಸುಭಾಷಿತವಾದೀತು. ಕರ್ತವ್ಯವೆಂಬ ಪದ ಹರಿತವಾದದ್ದು. ಹಿಡಿಯುವ ಕಡೆ ಹಿಡಿಯದಿದ್ದರೆ ಪಕ್ಕದವನನ್ನು ಕೊಯ್ಯುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡಿಗರಿರುವ ಊರೂರಿನಲ್ಲೂ ಮನೆಯವರನ್ನೇ ಕಳೆದುಕೊಂಡಂತೆ ಜನ ಅತ್ತರು. ‘ಕಾಮನಬಿಲ್ಲು’ ಚಿತ್ರದಲ್ಲಿ ತಂದೆ ರಾಜಕುಮಾರರ ಯೋಗಾಸನಗಳನ್ನು ಕಂಡವರು, ಮಗನ ಕಸರತ್ತು ಮತ್ತು ಕುಣಿತವನ್ನೂ ಕಂಡು ಮೆಚ್ಚಿದ್ದರು. ಆ ವಾರ ಎರಡು ಬಗೆಯ ಮಾತು ಕೇಳಿಬಂತು. “ಅಂಥವರಿಗೇ ಹೀಗಾದ ಮೇಲೆ ವ್ಯಾಯಾಮ ಯಾಕೆ ಮಾಡಬೇಕು?” ಎಂಬುದು ಒಂದು. “ಅತಿಯಾಗಿ ಮಾಡಿದರೇನೋ” ಎಂಬುದು ಇನ್ನೊಂದು. ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ: ವ್ಯಾಯಾಮ ಎಂಬುದು ವಿಧಿಯೊಡನೆ ಮಾಡಿಕೊಂಡ ಕರಾರು, ನಾನು ಕಂತು ಕಟ್ಟುತ್ತೇನೆ, ನೀನು ಆಯುಷ್ಯ ಕೊಡಬೇಕು. ಅಂಥ ಕರಾರಿಗೆ ಯಾರೂ ಸಹಿ ಹಾಕಿಲ್ಲ. ವ್ಯಾಯಾಮ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಕೊಡೆ ಹಿಡಿದವನೂ ಥಾಣೆಯ ಮಳೆಯಲ್ಲಿ ನೆನೆಯುತ್ತಾನೆ. ಹಾಗೆಂದು ಜೂನ್ ತಿಂಗಳಲ್ಲಿ ಯಾರೂ ಕೊಡೆಯನ್ನು ಎಸೆಯುವುದಿಲ್ಲ. ನಮ್ಮ ಕೈಯಲ್ಲಿರುವುದು ಪ್ರಯತ್ನ, ಫಲವಲ್ಲ. ಆದ್ದರಿಂದ ಕರ್ತವ್ಯವೂ ಪ್ರಯತ್ನಕ್ಕೆ ಮಾತ್ರ ಸಂಬಂಧಿಸಿದ್ದು. ಆರೋಗ್ಯವಾಗಿರುವುದು ಯಾರ ಕರ್ತವ್ಯವೂ ಆಗಲಾರದು.

ಇನ್ನೊಂದು ತೊಡಕಿದೆ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ದಿನವಿಡೀ ಚೀಲ ಹೊರುವ ಮಾಥಾಡಿ ಕಾರ್ಮಿಕನಿಗೆ ‘ವ್ಯಾಯಾಮ ಮಾಡು’ ಎಂದು ಹೇಳುವವರುಂಟೇ? ಮೈ ದಣಿದರೆ ಸಾಕೆಂದಾದರೆ ಅವನೇ ಎಲ್ಲರಿಗಿಂತ ಆರೋಗ್ಯವಂತನಾಗಬೇಕಿತ್ತು. ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಮಾತು ಹೇಳುತ್ತದೆ. ಬಿಡುವಿನ ವೇಳೆಯಲ್ಲಿ ಮೈ ದಣಿಸಿದವರಿಗೆ ಹೃದ್ರೋಗ ಕಡಿಮೆಯಾಗಿತ್ತು. ಹೊಟ್ಟೆಪಾಡಿಗಾಗಿ ಮೈ ದಣಿಸಿದವರಿಗೆ ಹೆಚ್ಚಾಗಿತ್ತು. ಅದೇ ಮೈ, ಅದೇ ಬೆವರು. ವ್ಯತ್ಯಾಸವೇನೆಂದರೆ ಬಿಡುವಿನಲ್ಲಿ ಓಡುವವನು ಸಾಕೆನಿಸಿದಾಗ ನಿಲ್ಲಬಲ್ಲ, ವಿಶ್ರಾಂತಿ ಪಡೆಯಬಲ್ಲ. ಕೂಲಿಯವನು ಸಂಜೆಯವರೆಗೆ ನಿಲ್ಲುವಂತಿಲ್ಲ, ನಾಳೆಯೂ ಬರಬೇಕು. ಹಾಗಾದರೆ ವ್ಯಾಯಾಮವೆಂದರೆ ಬರೀ ಶ್ರಮವಲ್ಲ, ನಿಲ್ಲಿಸುವ ಸ್ವಾತಂತ್ರ್ಯವುಳ್ಳ ಶ್ರಮ. ಆ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಆ ಮಟ್ಟಿಗೆ ಆರೋಗ್ಯ ಭಾಗ್ಯವೇ ಸರಿ.

ಇದನ್ನು ನೋಡಲು ವಾಶಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ಅಡುಗೆಮನೆಯವರೆಗೆ ಹೋದರೆ ಸಾಕು. ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲವೆಂದು 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ. ಗಂಡಸರಲ್ಲಿ ಅದು ಶೇಕಡಾ 42, ಹೆಂಗಸರಲ್ಲಿ 57. ಮನೆಗೆಲಸವನ್ನು ಲೆಕ್ಕಕ್ಕೆ ಹಿಡಿದೂ ಹೀಗೆ! ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುವ ಗೃಹಿಣಿ ದಣಿಯುತ್ತಾಳೆ ನಿಜ. ಆದರೆ ಒಲೆಯ ಮುಂದೆ ನಿಂತ ದಣಿವಿನಿಂದ ಕಾಲು ಬಾತೀತೇ ಹೊರತು ಹೃದಯಕ್ಕೆ ಬಲ ಬರದು. ಅದೇ ಹೊತ್ತಿಗೆ ಯಜಮಾನರು ಬಿಳಿಯ ಬೂಟು ಹಾಕಿಕೊಂಡು ವಾಯುಸೇವನೆಗೆ ಹೊರಡುತ್ತಾರೆ; ಮರಳಿದಾಗ ಚಹ ಸಿದ್ಧವಿರಬೇಕು. ಈ ಯಜಮಾನರ ಆರೋಗ್ಯದಲ್ಲಿ ಅರ್ಧ ಪಾಲು ಮನೆಯಾಕೆಯದೆಂದು ಒಪ್ಪಲೇಬೇಕು. ಮನೆಯವರಿಗಾಗಿ ಮೈ ಕಾಪಾಡಿಕೊಳ್ಳುತ್ತೇನೆನ್ನುವವನು ಆ ಮನೆಯವರ ಅರ್ಧ ಗಂಟೆಯನ್ನು ಕಸಿದು ಅದನ್ನು ಸಾಧಿಸುವುದು ಎಂಥ ಧರ್ಮ? ವಾರದಲ್ಲಿ ಮೂರು ದಿನ ಅವನು ಡಬ್ಬಿ ಕಟ್ಟಲಿ, ಆಕೆ ನಡೆದು ಬರಲಿ. ನನ್ನ ಅಭಿಪ್ರಾಯದಲ್ಲಿ ಇದು ಅವನ ವ್ಯಾಯಾಮದ ಅತ್ಯಂತ ಕಠಿಣವಾದ ಆಸನ.

ಕಾಳಿದಾಸನ ‘ಕುಮಾರಸಂಭವ’ದಲ್ಲಿ ಶರೀರವೇ ಧರ್ಮಸಾಧನೆಗೆ ಮೊದಲ ಉಪಕರಣವೆಂಬ ಅರ್ಥದ ಪ್ರಸಿದ್ಧವಾದ ಮಾತು ಬರುತ್ತದೆ. ವ್ಯಾಯಾಮಶಾಲೆಗಳಲ್ಲಿ ಅದನ್ನು ಸೋಮಾರಿಗಳಿಗೆ ಎಚ್ಚರಿಕೆಯೆಂಬಂತೆ ಬಳಸುವುದುಂಟು. ಕಾವ್ಯದಲ್ಲಿ ಅದನ್ನು ಹೇಳಿದವನು ವಟುವಿನ ವೇಷದಲ್ಲಿ ಬಂದ ಶಿವ. ಕೇಳಿದವಳು ಘೋರ ತಪಸ್ಸಿನಿಂದ ಮೈಯನ್ನು ಸವೆಸುತ್ತಿದ್ದ ಪಾರ್ವತಿ. “ನಿನ್ನ ಶಕ್ತಿಯನ್ನರಿತು ತಪಸ್ಸು ಮಾಡುತ್ತಿರುವೆಯಷ್ಟೆ?” ಎಂಬ ಕಳಕಳಿಯ ವಿಚಾರಣೆಯ ಜೊತೆಗೆ ಬಂದ ಮಾತದು. ಎಂದರೆ ಅದು ಚಾಟಿಯಲ್ಲ, ಕನಿಕರ. ದೇಹದಂಡನೆಗೂ ದೇಹಪೋಷಣೆಗೂ ಇರುವ ಗೆರೆಯನ್ನು ಅವರವರ ಶಕ್ತಿಯೇ ಎಳೆಯಬೇಕು.

ಈ ಪಾಠವನ್ನು ಬದುಕಿ ತೋರಿಸಿದವರು ನಮ್ಮವರೇ ಆದ ಬಿ.ಕೆ.ಎಸ್. ಅಯ್ಯಂಗಾರರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನ ನಡುವೆ ಹುಟ್ಟಿದ ಕೂಸು. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತ ಜ್ವರ, ಕ್ಷಯ ಎಲ್ಲವೂ ಕಾಡಿದವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಆರು ತಿಂಗಳ ಮಟ್ಟಿಗೆಂದು ಪುಣೆಗೆ ಬಂದವರು ನಮ್ಮ ಹಾಗೆಯೇ ಮಹಾರಾಷ್ಟ್ರದಲ್ಲಿ ನೆಲೆಸಿದರು. 2014ರಲ್ಲಿ, 95ನೆಯ ವಯಸ್ಸಿನಲ್ಲಿ ಅಲ್ಲಿಯೇ ದೇಹ ಬಿಟ್ಟರು. ಆಸನಕ್ಕೆ ಮೈ ಬಾಗದವರಿಗೆ ಅವರು ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿಗಳ ಆಸರೆ ಕೊಟ್ಟರು. ಮುದುಕರೂ ರೋಗಿಗಳೂ ತಮ್ಮ ತಮ್ಮ ಮಿತಿಯಲ್ಲಿ ಯೋಗ ಮಾಡುವಂತಾಯಿತು. ತನ್ನ ಮೈಗೆ ಕಠೋರ ಶಿಸ್ತು, ಪರರ ಮೈಗೆ ಇಟ್ಟಿಗೆಯ ಆಸರೆ: ಕರ್ತವ್ಯದ ಸರಿಯಾದ ಹಂಚಿಕೆ ಇದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅವರನ್ನೂ ಇಲ್ಲಿ ನೆನೆಯಬೇಕು. 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಅದೇ ಕೈ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆಯಿತು. ಮೈ ಬೆಳೆಸಿದವರಿಗೆ ಬುದ್ಧಿ ಕಡಿಮೆ ಎಂದು ಮೂಗು ಮುರಿಯುವ ನಮ್ಮ ಓದಿದ ಜನಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಕೊನೆಗೆ ಗುಮಾಸ್ತನ ಭಾಷೆಯಲ್ಲೇ ಹೇಳುವುದಾದರೆ, ಆರೋಗ್ಯದ ವಿಷಯದಲ್ಲಿ ಎರಡು ಕಡತಗಳನ್ನು ಬೇರೆ ಬೇರೆಯಾಗಿ ಇಡತಕ್ಕದ್ದು. ನನ್ನ ಕಡತದ ಮೇಲೆ ‘ಕರ್ತವ್ಯ’ ಎಂದು ಬರೆದಿರಲಿ. ಅಲ್ಲಿ ನೆಪಗಳಿಗೆ ಮಂಜೂರಾತಿ ಬೇಡ. ಪರರ ಕಡತದ ಮೇಲೆ ‘ಭಾಗ್ಯ’ ಎಂದಿರಲಿ. ಅದನ್ನು ತಪಾಸಣೆ ಮಾಡುವ ಅಧಿಕಾರ ನಮಗಿಲ್ಲ, ಸಹಾಯ ಮಾಡುವ ಅವಕಾಶ ಮಾತ್ರ ಇದೆ. ಕಾಯಿಲೆಯವರನ್ನು ನೋಡಿ ಮೆಟ್ಟಿಲಿಳಿಯುವಾಗ ಅವರ ತಪ್ಪುಗಳನ್ನು ಎಣಿಸುವ ಬದಲು ಅವರ ಮನೆಗೆ ನಾಳೆಯ ಊಟ ಯಾರು ಕಳುಹಿಸುವರೆಂದು ಯೋಚಿಸೋಣ. ಸಂಘದ ಬಂಧುಗಳು ಭಾನುವಾರದ ಬೆಳಿಗ್ಗೆ ಒಂದು ಗಂಟೆ ಕೂಡಿ ನಡೆಯುವ ಪದ್ಧತಿ ಇಟ್ಟುಕೊಂಡರೆ ಇನ್ನೂ ಉತ್ತಮ. ಅದಕ್ಕೆ ಚಂದಾ ಬೇಡ, ಸಭಾಂಗಣ ಬೇಡ, ಅಧ್ಯಕ್ಷರ ಭಾಷಣವೂ ಬೇಡ. ಗಂಡಸರು ಮಾತ್ರ ಬಾರದೆ ಮನೆಯವರನ್ನೂ ಕರೆತರಬೇಕು, ಮುಂದೆ ಹೋದವರು ಹಿಂದೆ ಉಳಿದವರಿಗಾಗಿ ನಿಲ್ಲಬೇಕು ಎಂಬ ಎರಡು ನಿಯಮಗಳಿದ್ದರೆ ಸಾಕು.