ನಡುರಾತ್ರಿಯ ಸಂಭ್ರಮ, ನೆರೆಮನೆಯ ನಿದ್ರೆ



ಮನೆಗೆ ಹತ್ತು ಮಂದಿಯನ್ನು ಕರೆದು, ಉಣಬಡಿಸಿ, ಅವರೊಡನೆ ಕೂಡಿ ಸಂತೋಷಪಡುವುದು ತಪ್ಪೆಂದು ನಮ್ಮ ಪರಂಪರೆಯಲ್ಲಿ ಯಾರೂ ಹೇಳಿಲ್ಲ. ಹೇಳುವುದಂತಿರಲಿ, ಒಬ್ಬನೇ ಕುಳಿತು ಉಣ್ಣುವುದನ್ನೇ ನಾಚಿಕೆಯ ಸಂಗತಿಯೆಂದು ಭಾವಿಸಿದ ಜನ ನಾವು. ಹೀಗಿರುವಾಗ, ಕಡಲಾಚೆಯ ದೇಶವೊಂದರಲ್ಲಿ ನಡೆಯುವ ಆಟದ ಅಂತಿಮ ಪಂದ್ಯವನ್ನು ನೋಡುವುದಕ್ಕಾಗಿ ನಡುರಾತ್ರಿಯಲ್ಲಿ ಬಂಧುಮಿತ್ರರನ್ನು ಮನೆಗೆ ಕರೆಯುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಈ ಪುಟಗಳಲ್ಲಿ ಎತ್ತುವುದು ತಮ್ಮಲ್ಲಿ ಕೆಲವರಿಗೆ ಕ್ಷುಲ್ಲಕವೆನಿಸಬಹುದು. ನನಗೂ ಮೊದಲು ಹಾಗೆಯೇ ಎನಿಸಿತ್ತು. ಆದರೆ ಒಂದು ರಾತ್ರಿಯ ಅನುಭವವು ನನ್ನನ್ನು ಬಹುಕಾಲದಿಂದ ಬಿಡದೆ ಕಾಡಿದೆಯಾದ್ದರಿಂದ ಅದನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ಅಪರಾಧಿ ನಾನೇ ಆಗಿರುವುದರಿಂದ ಅನ್ಯರನ್ನು ದೂರುವ ಪ್ರಮೇಯ ಬರುವುದಿಲ್ಲ.

ನಾನಿರುವುದು ಬೆಂಗಳೂರಿನ ಉತ್ತರ ಭಾಗದ ಸಿಂಗಾಪುರದಲ್ಲಿ. ಹೆಸರು ಕೇಳಿದ ಊರ ಕಡೆಯ ಹಿರಿಯರು, "ಯಾವಾಗ ವಿದೇಶಕ್ಕೆ ಹೋದೆಯಪ್ಪ?" ಎಂದು ವಿಚಾರಿಸುವುದುಂಟು. ಇದು ಸಮುದ್ರದಾಚೆಯ ಸಿಂಗಾಪುರವಲ್ಲ. ವಿದ್ಯಾರಣ್ಯಪುರ, ಯಲಹಂಕಗಳ ನೆರೆಯಲ್ಲಿ ಕೆರೆಯೊಂದನ್ನು ನೆಚ್ಚಿಕೊಂಡಿದ್ದ ಹಳ್ಳಿ. ಈಗ ಸುತ್ತಲೂ ಬಡಾವಣೆಗಳು ಬೆಳೆದು ಹಳ್ಳಿಯು ನಗರದೊಳಗೆ ಕರಗಿಹೋಗಿದೆ. ನಮ್ಮ ಬೀದಿಯಲ್ಲಿರುವುದೆಲ್ಲ ಮೂವತ್ತು-ನಲವತ್ತರ ನಿವೇಶನಗಳು. ಒಂದು ಮನೆಯ ಒಗ್ಗರಣೆಯ ಘಾಟಿಗೆ ಮೂರು ಮನೆಯವರು ಸೀನುತ್ತಾರೆ. ಹೀಗೆ ಒತ್ತಿಕೊಂಡು ಬಾಳುವ ಜನರೆಲ್ಲರೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವವರೂ ಅಲ್ಲ. ಯಲಹಂಕದ ರೈಲುಗಾಲಿ ಕಾರ್ಖಾನೆಯ ಪಾಳಿಗೆ ಹೋಗುವವರಿದ್ದಾರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ರಾತ್ರಿ ಎರಡಕ್ಕೆದ್ದು ಕಾರು ಹೊರಡಿಸುವ ಚಾಲಕರಿದ್ದಾರೆ. ರಾತ್ರಿಯೆಲ್ಲ ರೋಗಿಗಳ ಬಳಿ ಇದ್ದು ಹಗಲು ಕಣ್ಣುಮುಚ್ಚುವ ದಾದಿಯರಿದ್ದಾರೆ. ನಮ್ಮ ಎದುರುಮನೆಯವರು ನಂದಿನಿ ಹಾಲಿನ ಬೂತು ನಡೆಸುವವರು. ರಾತ್ರಿ ಒಂಬತ್ತಕ್ಕೆ ಅವರ ಮನೆಯ ದೀಪ ಆರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಹೊತ್ತುತ್ತದೆ.

2014ರ ಜುಲೈ 13ರಂದು ಬ್ರೆಜಿಲಿನ ರಿಯೊ ಡಿ ಜನೈರೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ವಿಶ್ವಕಪ್ ಕಾಲ್ಚೆಂಡಿನ ಅಂತಿಮ ಪಂದ್ಯ ಏರ್ಪಟ್ಟಿತ್ತು. ಅಲ್ಲಿ ಅದು ಭಾನುವಾರದ ಸಂಜೆ 4 ಗಂಟೆ. ನಮಗೆ ಸೋಮವಾರ ಹುಟ್ಟಿ ಅರ್ಧ ಗಂಟೆ ಕಳೆದಿರುತ್ತದೆ. (ಆ ಇನ್ನೊಂದು ಸಿಂಗಾಪುರದಲ್ಲಿ ಬೆಳಗಿನ ಜಾವ 3 ಗಂಟೆ.) ಜರ್ಮನಿಯವರು ರಾತ್ರಿಯೂಟದ ಹೊತ್ತಿಗೆ ನೋಡುವ ಆಟವನ್ನು ನಾವು ನಿದ್ರೆಗೆಟ್ಟು ನೋಡಬೇಕು. ಭೂಮಿ ದುಂಡಗಿರುವುದಕ್ಕೆ ಯಾರನ್ನು ದೂರೋಣ? ನನ್ನ ಮಗ ಆಗ ಕಾಲೇಜು ವಿದ್ಯಾರ್ಥಿ. ಸ್ನೇಹಿತರೆಲ್ಲ ನಮ್ಮ ತಾರಸಿಯ ಮೇಲೆಯೇ ಸೇರಲಿ ಎಂದ. ಬಾಡಿಗೆಗೆ ಪ್ರೊಜೆಕ್ಟರ್ ತಂದು ಬಿಳಿಯ ಪಂಚೆಯನ್ನು ಗೋಡೆಗೆ ಕಟ್ಟಿದರು. ನನ್ನ ಮನೆಯವರು ಇಪ್ಪತ್ತು ಜನರಿಗಾಗುವಷ್ಟು ಚಿತ್ರಾನ್ನ, ಬೋಂಡ ಮಾಡಿದರು. ಕಡಲೆಪುರಿಯ ಮೂಟೆಯೇ ಬಂತು. ನಾನೂ ಅಡ್ಡಿ ಹೇಳಲಿಲ್ಲ. ಹುಡುಗರು ಕಣ್ಣಮುಂದೆ, ಮನೆಯೂಟ ಉಂಡು, ಯಾವ ದುಶ್ಚಟವೂ ಇಲ್ಲದೆ ನಲಿಯುವುದಾದರೆ ಅದಕ್ಕಿಂತ ಬೇಕಾದುದೇನು?

ನಾನು ಕೇವಲ ಉಡಾಫೆಯ ಮನುಷ್ಯನಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಭಾನುವಾರ ಸಂಜೆ ಎದುರುಮನೆಯವರಿಗೆ, "ರಾತ್ರಿ ಹುಡುಗರು ಮ್ಯಾಚು ನೋಡ್ತಾರೆ, ಸ್ವಲ್ಪ ಗಲಾಟೆ ಆಗಬಹುದು, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿದೆ. ಅವರು ನಕ್ಕು, "ಅಯ್ಯೋ, ಮಾಡ್ಕೊಳ್ಲಿ ಬಿಡಿ ಸಾರ್, ಹುಡುಗ್ರು" ಎಂದರು. ಅಲ್ಲಿಗೆ ನನ್ನ ಧರ್ಮ ತೀರಿತೆಂದುಕೊಂಡೆ.

ಪಂದ್ಯವು ನಿಗದಿತ ಅವಧಿಯಲ್ಲಿ ಮುಗಿಯಲಿಲ್ಲ. 113ನೆಯ ನಿಮಿಷದಲ್ಲಿ ಗೋಟ್ಸೆ ಎಂಬ ಇಪ್ಪತ್ತೆರಡರ ತರುಣನು ಚೆಂಡನ್ನು ಎದೆಯ ಮೇಲೆ ತಡೆದು, ಅದು ನೆಲ ಮುಟ್ಟುವ ಮೊದಲೇ ಗುರಿಗೆ ಹೊಡೆದಾಗ ನಮ್ಮ ತಾರಸಿಯಿಂದ ಎದ್ದ ಕೂಗಿಗೆ ಕೆರೆಯ ಕಡೆಯ ನಾಯಿಗಳೆಲ್ಲ ದನಿಗೂಡಿಸಿದವು. ಅರ್ಜೆಂಟೀನಾ 1-0ಯಿಂದ ಸೋತಿತು. ಹುಡುಗರು ಕೆಳಗಿಳಿದಾಗ ಮೂರು ಗಂಟೆ.

ಆ ಬೆಳಿಗ್ಗೆ ಹಾಲು ಒಂದು ತಾಸು ತಡವಾಗಿ ಬಂತು. ತಂದುಕೊಟ್ಟವಳು ಅವರ ಮಗಳು, ಎಂಟನೆಯ ತರಗತಿಯ ಹುಡುಗಿ, ಶಾಲೆಯ ಸಮವಸ್ತ್ರದಲ್ಲಿಯೇ ಇದ್ದಳು. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ, ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ದಿನದ ಹಿಂದಷ್ಟೇ ಆಸ್ಪತ್ರೆಯಿಂದ ಬಂದಿದ್ದಾರೆಂದೂ, ರಾತ್ರಿಯೆಲ್ಲ ಎಚ್ಚರವಾಗಿ ಬಹಳ ನೋವು ತಿಂದರೆಂದೂ, ಅಪ್ಪ ಪಕ್ಕದಲ್ಲೇ ಕುಳಿತಿದ್ದು ಬೆಳಗಿನ ಜಾವ ನಿದ್ರೆ ಹತ್ತಿ ಏಳಲಾಗಲಿಲ್ಲವೆಂದೂ ಹೇಳಿದಳು. ದೂರುವ ದನಿಯೇ ಇರಲಿಲ್ಲ. ಹಾಲು ತಡವಾದುದಕ್ಕೆ ಸಮಜಾಯಿಷಿ ಕೊಡುತ್ತಿದ್ದಳು, ಅಷ್ಟೆ.

ಬಂಧುಗಳೇ, ಎದುರುಮನೆಯ ಹೆಣ್ಣುಮಗಳು ಆಸ್ಪತ್ರೆಗೆ ಹೋಗಿ ಬಂದದ್ದು ನನಗೆ ತಿಳಿದಿರಲಿಲ್ಲ. ಆದರೆ ಪಂದ್ಯಕ್ಕೆ ಮುನ್ನ ಅಂಗಸಾಧನೆ ಮಾಡುವಾಗ ಜರ್ಮನಿಯ ಖೆದೀರಾ ಎಂಬಾತನ ಮೀನಖಂಡಕ್ಕೆ ಪೆಟ್ಟಾಗಿ ಅವನು ಆಡಲಾರದೆ ಹೊರಗುಳಿದನೆಂಬುದು ತಿಳಿದಿತ್ತು; ಅವನಿಗಾಗಿ ತಾರಸಿಯ ಮೇಲೆ "ಪಾಪ" ಎಂದವರಲ್ಲಿ ನಾನೂ ಒಬ್ಬ.

ಅದೇ ಸಂಜೆ ಅವರಲ್ಲಿಗೆ ಹೋಗಿ ಕ್ಷಮೆ ಕೇಳಿದೆ. "ಬಿಡಿ ಸಾರ್, ಏನಾಯ್ತೀಗ" ಎಂದರು. ಅದೇ ನಗು, ಅದೇ ದನಿ. ಆಗ ನನಗೆ ಭಯವಾಯಿತು. ಹಿಂದಿನ ದಿನ ಅನುಮತಿ ಕೊಟ್ಟ ಮಾತೂ ಇಂದು ಕ್ಷಮಿಸಿದ ಮಾತೂ ಒಂದೇ ಆಗಿದ್ದರೆ, ಅವೆರಡರಲ್ಲಿ ಯಾವುದಾದರೂ ನಿಜವಾಗಿ ಅವರ ಮಾತಾಗಿತ್ತೆ? ದಿನಕ್ಕೆ ಎರಡು ಲೀಟರು ಹಾಲು ಕೊಳ್ಳುವ, ಸ್ವಂತ ಮನೆಯುಳ್ಳ, ನಾಲ್ಕಕ್ಷರ ಕಲಿತ ಗೃಹಸ್ಥನು ಬಾಗಿಲಿಗೆ ಬಂದು ಕೇಳಿದಾಗ, ಬಾಡಿಗೆಯ ಮನೆಯಲ್ಲಿರುವ ಹಾಲಿನವನು "ಬೇಡಿ, ನನ್ನ ಹೆಂಡತಿಗೆ ಹುಷಾರಿಲ್ಲ" ಎನ್ನುವುದು ಸಾಧ್ಯವೆ? ನಾನು ಕೇಳಿದ್ದಾದರೂ ಹೇಗೆ? ಏರ್ಪಾಡೆಲ್ಲ ಮುಗಿದು ಗೋಡೆಗೆ ಪಂಚೆ ಕಟ್ಟಿದ ಮೇಲೆ. "ಮಾಡಬಹುದೆ?" ಎಂದು ಕೇಳಲಿಲ್ಲ, "ಬೇಜಾರು ಮಾಡ್ಕೋಬೇಡಿ" ಎಂದೆ. ಅದು ಅನುಮತಿಯ ಯಾಚನೆಯಾಗಿರಲಿಲ್ಲ, ವಿನಯದ ಉಡುಪು ತೊಟ್ಟ ಅಪ್ಪಣೆಯಾಗಿತ್ತು. ದಾಕ್ಷಿಣ್ಯವೆಂಬುದು ನಮ್ಮ ಜನರ ದೊಡ್ಡ ಗುಣ. ಅದರ ಭಾರವನ್ನು ಮಾತ್ರ ಯಾವಾಗಲೂ ಕೆಳಗಿನ ಮೆಟ್ಟಿಲಿನಲ್ಲಿರುವವನೇ ಹೊರುತ್ತಾನೆ. ಅವನ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವ ನಾವು ಅವನ ಜೇಬಿನಿಂದ ತೆಗೆದುದನ್ನು ದಾನವೆಂದು ಹೇಳಿದಂತಾಗುವುದಿಲ್ಲವೆ?

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳೂ ಇವೆ. ಅವನ್ನು ಮರೆಮಾಚುವುದು ಸಲ್ಲದು. ನಾಲ್ಕು ವರ್ಷಕ್ಕೊಮ್ಮೆ ಬರುವ ಪಂದ್ಯ. ಒಂದು ರಾತ್ರಿಯ ಸದ್ದನ್ನು ಸಹಿಸಲಾರದವನು ನಗರದಲ್ಲಿ ಹೇಗೆ ಬಾಳಿಯಾನು? ಅವರ ಮನೆಯ ನಾಮಕರಣಕ್ಕೆ ಬೀದಿಗೆ ಶಾಮಿಯಾನ ಹಾಕಿದಾಗ ನಾವು ಸಹಿಸಲಿಲ್ಲವೆ? ಸಹಿಸಿದೆವು, ನಿಜ. ಪರಸ್ಪರ ಸಹನೆಯಿಲ್ಲದೆ ಬೀದಿಯೆಂಬುದೇ ಇಲ್ಲ. ಆದರೆ ಲೆಕ್ಕ ಹಾಕುವಾಗ ಒಂದು ಅಂಶ ತಪ್ಪಿಹೋಗುತ್ತದೆ. ನಾವು ಸಹಿಸಿದ್ದು ಹಗಲಿನ ಸದ್ದನ್ನು. ಅವರು ಕಳೆದುಕೊಂಡದ್ದು ನಿದ್ರೆಯನ್ನು. ನಾಲ್ಕಕ್ಕೆ ಏಳಲೇಬೇಕಾದವನ ನಿದ್ರೆಯನ್ನು ಮರುದಿನ ಮಧ್ಯಾಹ್ನ ತುಂಬಿಕೊಡಲು ಬರುವುದಿಲ್ಲ. ಕಾಯಕವೇ ಬದುಕೆಂದು ನಂಬಿದ ನಾವು ಇನ್ನೊಬ್ಬನ ನಸುಕಿನ ಕಾಯಕವನ್ನು ನಡುರಾತ್ರಿಯಲ್ಲೇ ಕೆಡಿಸಿದ ಹಾಗಾಯಿತು.

ಕಾನೂನು ಏನನ್ನುತ್ತದೆ? 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ವಾಸದ ಪ್ರದೇಶಗಳಲ್ಲಿ ಆ ವೇಳೆಗೆ ಗೊತ್ತುಮಾಡಿದ ಮಿತಿ 45 ಡೆಸಿಬಲ್. ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸಕೂಡದು. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗಾಗಿ ರಾಜ್ಯ ಸರ್ಕಾರವು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಕಾನೂನಿನ ಮಾತು ಇಷ್ಟು ಸಾಕು. ನಮ್ಮ ಹಾಲಿನವರು ಠಾಣೆಗೆ ಹೋಗುವವರಲ್ಲ.

ಆದರೆ ಆ ಸಡಿಲಿಕೆಯ ಮಾತು ಬಂದಾಗ ನಮ್ಮ ಕಡೆಗೂ ಬೆರಳು ತೋರಿಸಿಕೊಳ್ಳಬೇಕಾಗುತ್ತದೆ. ಜಾತ್ರೆ, ಶಿವರಾತ್ರಿಗಳಲ್ಲಿ ಭಕ್ತರಾದ ನಾವು ಬೆಳಗಾಗುವವರೆಗೆ ಧ್ವನಿವರ್ಧಕ ಕೂಗಿಸಿದ್ದಿಲ್ಲವೆ? ನಮ್ಮ ಜಾಗರಣೆಗೆ ಪುಣ್ಯದ ಹೆಸರಿದೆ, ಹುಡುಗರ ಜಾಗರಣೆಗೆ ಆಟದ ಹೆಸರಿದೆ. ಮಗ್ಗುಲ ಮನೆಯ ರೋಗಿಯ ಕಿವಿಗೆ ಎರಡೂ ಒಂದೇ. ತಾನಾಗಿ ಕೈಕೊಂಡ ಜಾಗರಣೆ ವ್ರತವಾದೀತು. ಇನ್ನೊಬ್ಬರ ಮೇಲೆ ಹೊರಿಸಿದ ಜಾಗರಣೆ ಏನಾದೀತೆಂದು ನಮ್ಮ ಉತ್ಸವ ಸಮಿತಿಗಳು ಯೋಚಿಸಿದರೆ ಒಳಿತು. ಈ ಮಾತಿಗೆ ಕೆಲವರು ಮುನಿದಾರು.

ಹಾಗಾದರೆ ಆಟ ನೋಡುವುದೇ ವ್ಯರ್ಥ, ರಾತ್ರಿ ಕೂಡುವುದೇ ತಪ್ಪು ಎನ್ನೋಣವೆ? ನಾನು ಹಾಗೆನ್ನಲಾರೆ. 1983ರ ಜೂನ್ 25ರ ರಾತ್ರಿ ಮಠದ ಪ್ರಸಾದನಿಲಯದಲ್ಲಿದ್ದ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಮಾತು ಅರ್ಥವಾದೀತು. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತ ಗಳಿಸಿದ್ದು ಬರೀ 183. ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಲಾಯ್ಡನನ್ನು ಔಟು ಮಾಡಿದ, ಕರ್ನಾಟಕಕ್ಕೆ ಆಡುತ್ತಿದ್ದ ಕಿರ್ಮಾನಿ ಬ್ಯಾಕಸ್‌ನ ಕ್ಯಾಚನ್ನು ನೆಲಕ್ಕೆ ಬಿದ್ದು ಹಿಡಿದ. ವೆಸ್ಟ್ ಇಂಡೀಸ್ 140ಕ್ಕೆ ಮುಗಿದಾಗ ಇಲ್ಲಿ ಹೆಚ್ಚುಕಡಿಮೆ ನಡುರಾತ್ರಿ. ಒಂದು ಟ್ರಾನ್ಸಿಸ್ಟರಿನ ಸುತ್ತ ಕಂಬಳಿ ಹೊದ್ದು ಕುಳಿತಿದ್ದ ನಾವು ಮೂವತ್ತು ಹುಡುಗರು ಕೂಗಿದ ಕೂಗಿಗೆ ಪಾಕಶಾಲೆಯ ಮಗ್ಗುಲಲ್ಲಿ ಮಲಗಿದ್ದ ಅಡುಗೆಯ ಅಜ್ಜ ಬೆಚ್ಚಿ ಎದ್ದರು. ಮೂರೂವರೆಗೆ ಒಲೆ ಹೊತ್ತಿಸಬೇಕಾದವರು ಅವರು. ಬೆಳಗಿನ ಪ್ರಾರ್ಥನೆಯ ನಂತರ ಹಿರಿಯ ಬುದ್ಧಿಯವರು ನಮ್ಮನ್ನು ನಿಲ್ಲಿಸಿಕೊಂಡು, "ಅಜ್ಜನಿಗೆ ಹೇಳಿದಿರಾ?" ಎಂದು ಕೇಳಿದರು. ನಾವು ತಲೆ ತಗ್ಗಿಸಿ, "ಇಲ್ಲ ಬುದ್ಧೀ, ಕೇಳದೆ ರೇಡಿಯೋ ಹಾಕಿದ್ದು ತಪ್ಪಾಯಿತು" ಎಂದೆವು. "ಅದಲ್ಲವಪ್ಪ. ಗೆದ್ದದ್ದನ್ನು ಹೇಳಿದಿರಾ ಎಂದು ಕೇಳಿದೆ. ಅವರನ್ನು ಎಬ್ಬಿಸಿದಿರಿ. ಯಾತಕ್ಕೆ ಎಬ್ಬಿಸಿದಿರೆಂದಾದರೂ ಹೇಳಬೇಕಲ್ಲವೆ?"

ಈ ಮಾತು ಮೂವತ್ತೊಂದು ವರ್ಷ ನನ್ನಲ್ಲಿ ಕೆಲಸವಿಲ್ಲದೆ ಬಿದ್ದಿತ್ತು. ಹುಡುಗಿ ಹಾಲು ತಂದ ದಿನ ಅದಕ್ಕೆ ಅರ್ಥ ಬಂತು. ನಮ್ಮ ಸಂಭ್ರಮದ ಸದ್ದು ಆ ಮನೆಯ ಗೋಡೆ ದಾಟಿತು; ಚಿತ್ರಾನ್ನ ದಾಟಲಿಲ್ಲ, ಸಂತೋಷ ದಾಟಲಿಲ್ಲ, ವಿಚಾರಣೆಯ ಒಂದು ಮಾತೂ ದಾಟಲಿಲ್ಲ. ದಾಸೋಹವನ್ನು ನಾವು ಬಾಗಿಲಿಗೆ ಬಂದವರಿಗೆ ಇಕ್ಕುವುದು ಎಂದಷ್ಟೇ ತಿಳಿಯುತ್ತೇವೆ. ನಮ್ಮ ಸಂಭ್ರಮದಿಂದ ಎಚ್ಚರಗೊಂಡವನೂ, ಕರೆಯದಿದ್ದರೂ, ನಮ್ಮ ಪಂಕ್ತಿಯಲ್ಲಿ ಕುಳಿತವನೇ ಆಗಿಬಿಡುತ್ತಾನೆ. ಅವನ ಎಲೆಗೆ ನಾವು ಬಡಿಸಿದ್ದೇನು ಎಂಬುದೇ ಪ್ರಶ್ನೆ. ಕರೆಯಬೇಕಾದವರ ಪಟ್ಟಿ ಬರೆಯುವಾಗ ಸ್ನೇಹಿತರ ಹೆಸರುಗಳ ಮೊದಲು ಗೋಡೆಯಾಚೆಯವರನ್ನು ಬರೆಯತಕ್ಕದ್ದು ಎಂದು ನನಗೀಗ ತೋರುತ್ತದೆ. ಅವರು ಬರಲಿಕ್ಕಿಲ್ಲ. ಆದರೆ ಕರೆಯುವುದಕ್ಕಾಗಿ ಹೋದಾಗ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರಿಗೆ ಪರೀಕ್ಷೆ, ಯಾರಿಗೆ ಬೆಳಗಿನ ಪಾಳಿ ಎಂಬುದು ತಾನಾಗಿ ತಿಳಿಯುತ್ತದೆ.

ಊರಿಗೆ ಊರೇ ಸಂಭ್ರಮಿಸುವ ರಾತ್ರಿಗಳ ಮಾತು ಬೇರೆ ಎನ್ನಬಹುದು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತವು ದಕ್ಷಿಣ ಆಫ್ರಿಕಾವನ್ನು 7 ರನ್ನುಗಳಿಂದ ಗೆದ್ದ ರಾತ್ರಿ ನಮ್ಮ ಬಡಾವಣೆಯಲ್ಲಿ ಪಟಾಕಿ ಹೊಡೆಯದ ಬೀದಿ ಇರಲಿಲ್ಲ. ತಂಡದ ತರಬೇತುದಾರರು ನಮ್ಮ ಬೆಂಗಳೂರಿನ ದ್ರಾವಿಡ್. ನನ್ನ ಕಣ್ಣೂ ತೇವವಾಯಿತು. ಅಂಥ ರಾತ್ರಿ ಯಾರನ್ನು ಯಾರು ಕೇಳುವುದು? ಉತ್ತರ ನನಗೆ ಸ್ಪಷ್ಟವಿಲ್ಲ. ಎಲ್ಲರೂ ನಲಿಯುವಾಗ ನಲಿವಿಗೆ ಹೊರಗಾದ ಒಬ್ಬನು ಇನ್ನಷ್ಟು ಕಾಣದಾಗುತ್ತಾನೆ ಎಂಬುದನ್ನಷ್ಟೇ ಬಲ್ಲೆ.

ನಾವು ಮತ್ತೆ ಪಂದ್ಯಕ್ಕೆ ಜನ ಕರೆದದ್ದು 2022ರ ಡಿಸೆಂಬರ್ 18ರಂದು, ಕತಾರಿನಲ್ಲಿ ಅರ್ಜೆಂಟೀನಾ, ಫ್ರಾನ್ಸ್ ಸೆಣಸಿದಾಗ. ಆಟ ಇಲ್ಲಿಯ ರಾತ್ರಿ 8-30ಕ್ಕೇ ಆರಂಭವಾದುದು ನಮ್ಮ ಪುಣ್ಯ. ತಾರಸಿ ಬಿಟ್ಟು ನಡುಮನೆಯಲ್ಲಿ, ಕಿಟಕಿ ಮುಚ್ಚಿ ಕುಳಿತೆವು. ವಾರದ ಮುಂಚೆಯೇ ಎದುರುಮನೆಗೆ ಹೋಗಿ ಅವರನ್ನು ಕರೆದು ಬಂದಿದ್ದೆ. ಹಾಲಿನವರು ಬಂದರು, ಸೋಫಾದ ತುದಿಯಲ್ಲಿ ಕುಳಿತು ಅರ್ಧ ಆಟ ನೋಡಿದರು. ಅರ್ಜೆಂಟೀನಾ 2-0 ಮುಂದಿತ್ತು. "ಇದು ಮುಗಿದ ಹಾಗೇ ಸಾರ್. ನಾಲ್ಕಕ್ಕೆ ಏಳ್ಬೇಕು" ಎಂದು ಬೋಂಡದ ಪೊಟ್ಟಣ ಕಟ್ಟಿಸಿಕೊಂಡು ಹೊರಟರು. ಆಮೇಲೆ 80, 81ನೆಯ ನಿಮಿಷಗಳಲ್ಲಿ ಎಂಬಾಪೆ ಎರಡು ಗೋಲು ಹೊಡೆದಾಗ ನನ್ನ ಮಗ ಟವಲಿನಿಂದ ಬಾಯಿ ಮುಚ್ಚಿಕೊಂಡು ಕುಣಿದ.

ಮರುದಿನ ಬೆಳಿಗ್ಗೆ ನಾನೇ ಬೂತಿಗೆ ಹೋದೆ. "ಹತ್ತು ಗಂಟೆ ಮೇಲೆ ಯಾರೋ ಕೂಗಿದ್ದು ಕೇಳಿಸ್ತು ಸಾರ್, ಎಚ್ಚರ ಆಯ್ತು. ನೀವೇ ಅಂದ್ಕೊಂಡೆ" ಎಂದರು. ನಾವಲ್ಲ, ಹಿಂದಿನ ಬೀದಿಯವರು ಎಂದೆ. "ಇರ್ಲಿ, ಏನಾಯ್ತು ಹೇಳಿ" ಎಂದರು. ಮೂರು-ಮೂರು ಸಮವಾಗಿ, ಪೆನಾಲ್ಟಿಯಲ್ಲಿ 4-2 ಆದ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಹಾಲಿಗಾಗಿ ನಿಂತಿದ್ದ ನಾಲ್ಕು ಮಂದಿ ಕಾಯುತ್ತಲೇ ಇದ್ದರು. ಅವರು ಆ ಎರಡು ಗೋಲುಗಳನ್ನು ನನ್ನಿಂದ ಎರಡು ಸಲ ಹೇಳಿಸಿದರು.