ಋತುನಿವೃತ್ತಿಯ ನಂತರದ ದೇಹವೂ ವ್ರತದ ಉದ್ದೇಶವೂ

ಐವತ್ತರ ಸಮೀಪದ ಶ್ರಾವಿಕೆಯೊಬ್ಬಳು ಅಷ್ಟಮಿ-ಚತುರ್ದಶಿಗಳಲ್ಲಿ ಏಕಾಶನವನ್ನು ತಪ್ಪದೆ ಪಾಲಿಸುವಳು. ಸೂರ್ಯಾಸ್ತದ ತರುವಾಯ ಆಹಾರವನ್ನು ಮುಟ್ಟಳು. ಆದರೂ ಆಕೆಯ ನಡುವಿನ ಸುತ್ತಳತೆ ವರ್ಷದಿಂದ ವರ್ಷಕ್ಕೆ ಏರುವುದು. "ವ್ರತ ಹಿಡಿದವರಿಗೆ ಇಷ್ಟು ಹೊಟ್ಟಿ ಯಾಕವ್ವಾ?" ಎಂಬ ಮಾತು, ಕಲಬುರಗಿ ಕೋಟೆಯ ಸುತ್ತಲಿನ ಓಣಿಗಳಲ್ಲಾಗಲಿ ಕಮಲಾಪುರದಲ್ಲಾಗಲಿ, ನಗೆಯ ಮರೆಯಲ್ಲಿ ಬಂದುಬಿಡುತ್ತದೆ. ಸ್ಥೂಲತೆಯು ಅಸಂಯಮದ ಗುರುತೇ? ದೇಹವನ್ನು ಇಳಿಸಲೆಂದು ಮಾಡಿದ ಉಪವಾಸವು ತಪಸ್ಸೇ?

ನಮ್ಮ ದೇಶದ ಸ್ತ್ರೀಯರಲ್ಲಿ ಋತುಸ್ರಾವವು ಸರಾಸರಿ 46-47ನೆಯ ವಯಸ್ಸಿನಲ್ಲಿ ನಿಲ್ಲುತ್ತದೆ. ಅಂಡಾಶಯದಿಂದ ಈಸ್ಟ್ರೋಜೆನ್ ಎಂಬ ಹಾರ್ಮೋನು ಬರುವುದು ಬಹುಮಟ್ಟಿಗೆ ಮುಗಿಯುತ್ತದೆ. ಅದು ಇರುವಷ್ಟು ಕಾಲ ತೊಡೆ-ನಿತಂಬಗಳಲ್ಲಿ ಹೆಚ್ಚಾಗಿ ನೆಲೆಸುತ್ತಿದ್ದ ಕೊಬ್ಬು, ಆ ಬಳಿಕ ಉದರದೊಳಗೆ, ಅಂಗಗಳ ಸುತ್ತ ಸೇರತೊಡಗುತ್ತದೆ. ತೂಕದ ಏರಿಕೆಗೆ ಮಾತ್ರ ಋತುನಿವೃತ್ತಿಗಿಂತ ವಯಸ್ಸೇ ದೊಡ್ಡ ಕಾರಣ: ಸ್ನಾಯು ಕರಗುತ್ತದೆ, ಓಡಾಟ ತಗ್ಗುತ್ತದೆ, ಮೊದಲಿನಷ್ಟೇ ಉಂಡರೂ ಮಿಗುತ್ತದೆ. ವಿಚಿತ್ರವೆಂದರೆ, ಅನಂತರ ದೇಹಕ್ಕೆ ದೊರೆಯುವ ಅಲ್ಪ ಈಸ್ಟ್ರೋಜೆನ್ನಿನ ಬಹುಪಾಲು ಈ ಕೊಬ್ಬಿನಲ್ಲಿಯೇ ಸಿದ್ಧವಾಗುತ್ತದೆ! ಹೀಗಿರಲು ಹೊಟ್ಟೆಯನ್ನು ಕಂಡು ಜಿಹ್ವಾಲೋಲುಪತೆಯನ್ನು ಊಹಿಸುವುದು ಅನ್ಯಾಯ. ನೋಯಿಸುವ ನುಡಿಯೂ ಹಿಂಸೆಯೇ ಎಂಬುದನ್ನು ನಮ್ಮ ಮನೆಗಳಿಗೆ ಹೇಳಬೇಕಾಗಿಲ್ಲ.

ಹಾಗೆಂದು ಉದಾಸೀನವೂ ಸಲ್ಲದು. ಭಾರತೀಯ ಸ್ತ್ರೀಯರಲ್ಲಿ ನಡುವಿನ ಸುತ್ತಳತೆ 80 ಸೆಂಟಿಮೀಟರ್ ಮೀರಿದರೆ ಮಧುಮೇಹ, ಹೃದ್ರೋಗಗಳ ಭಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ದೇಹಚಿಂತೆಯು ವ್ರತಿಗೆ ತಕ್ಕುದಲ್ಲವೆನ್ನುವವರು ನಮ್ಮದೇ ಜಿಲ್ಲೆಯ ಮಳಖೇಡವನ್ನು ನೆನೆಯಲಿ. ಮದ್ಯ-ಮಾಂಸ-ಮಧುಗಳಿಲ್ಲದ ಚಿಕಿತ್ಸೆಯನ್ನು ತಿಳಿಸುವ 'ಕಲ್ಯಾಣಕಾರಕ'ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಮಾಂಸನಿಷೇಧವನ್ನು ಪ್ರತಿಪಾದಿಸಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ವೈದ್ಯವನ್ನು ಬರೆದವರು ದಿಗಂಬರ ಮುನಿಗಳು.

ತೂಕವಿಳಿಸಲೆಂದು ಆಹಾರವನ್ನು ಮಿತಗೊಳಿಸುವುದು ಪಥ್ಯ; ಅದರಲ್ಲಿ ದೋಷವಿಲ್ಲ. ಅದಕ್ಕೆ ವ್ರತವೆಂಬ ಹೆಸರಿಟ್ಟಾಗ ತೊಡಕು. ಫಲಾಪೇಕ್ಷೆಯಾದ ನಿದಾನವು ಶಲ್ಯಗಳಲ್ಲಿ ಒಂದು; ಶಲ್ಯರಹಿತನೇ ವ್ರತಿ. ತಕ್ಕಡಿಯನ್ನೇರಿ ಉಪವಾಸದ ಬೆಲೆ ಕಟ್ಟುವವಳಿಗೆ, ಮುಳ್ಳು ಕದಲದ ದಿನ ವ್ರತವೇ ವ್ಯರ್ಥವೆನಿಸೀತು. ನಿರ್ಜರೆಯನ್ನು ಯಾವ ತಕ್ಕಡಿ ತೂಗೀತು?

ಬಾಹ್ಯತಪಸ್ಸುಗಳಲ್ಲಿ ಅನಶನದ ಮಗ್ಗುಲಲ್ಲೇ ಅವಮೌದರ್ಯವಿದೆ, ಹಸಿವಿಗಿಂತ ಕಡಿಮೆ ಉಣ್ಣುವುದು. ಮೆರವಣಿಗೆಯಿಲ್ಲದ ಈ ತಪಸ್ಸನ್ನು ನಾವು ಬಲು ಬೇಗ ಮರೆಯುತ್ತೇವೆ. ನಾಲ್ಕು ದಿನ ನಿರಾಹಾರವಿದ್ದು ಪಾರಣೆಯಲ್ಲಿ ಶೇಂಗಾ ಹೋಳಿಗೆಗೆ ತುಪ್ಪ ಸುರಿದುಕೊಳ್ಳುವುದಕ್ಕಿಂತ, ದಿನವೂ ಒಂದು ಜೋಳದ ರೊಟ್ಟಿ ಕಡಿಮೆ ಉಂಡು ತೊಗರಿಬೇಳೆಯನ್ನು ಬಿಡದಿರುವುದು ಈ ವಯಸ್ಸಿಗೆ ಹೆಚ್ಚು ಹೊಂದುವುದು. ದೀರ್ಘ ಉಪವಾಸಗಳಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ರಸಪರಿತ್ಯಾಗದಲ್ಲಿ ಎಣ್ಣೆ, ತುಪ್ಪ, ಸಕ್ಕರೆಗಳ ಸರದಿ ಹೆಚ್ಚಾದರೆ ನಷ್ಟವಿಲ್ಲ.

ಶಕ್ತಿಯನ್ನರಿತು ತಪವನ್ನಾಚರಿಸುವುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿದೆ. ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ತಾಯಂದಿರು ದಶಲಕ್ಷಣ ಪರ್ವಕ್ಕೆ ಮೊದಲೇ ವೈದ್ಯರನ್ನು ಕಂಡು, ಅವರು ಬೇಡವೆಂದ ಉಪವಾಸವನ್ನು ಬಿಟ್ಟು, ಆ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಡಬಹುದು. ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲಿ ಎಣಿಸಿದುದು.