ಆಪ್ತನ ಮಾತು, ಏಜೆಂಟನ ಮಾತು

ಕಂಡರಿಯದ ಊರಿನಲ್ಲಿ, ಗುರುತಿಲ್ಲದ ಮಾಲೀಕನ ಬಳಿ, ಇಷ್ಟು ಸಂಬಳಕ್ಕೆ ಕೆಲಸವಿದೆ ಎಂದು ಒಬ್ಬನು ಹೇಳಿದಾಗ ಆ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು ಎಂಬುದು ಮೇಲುನೋಟಕ್ಕೆ ಪೊಲೀಸರ ಎಚ್ಚರಿಕೆಯ ಫಲಕಕ್ಕೆ ಸೇರಿದ ವಿಷಯದಂತೆ ಕಂಡರೂ, ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ ಶಬ್ದಪ್ರಮಾಣದ ಪ್ರಶ್ನೆಯೇ ಅದರ ಬುಡದಲ್ಲಿದೆ. ಪ್ರಮಾಣವೆಂದರೆ ಯಥಾರ್ಥವಾದ ಅರಿವಿನ ಸಾಧನ. ಶಬ್ದಪ್ರಮಾಣವೆಂದರೆ ಇನ್ನೊಬ್ಬರ ಮಾತಿನಿಂದ ಹುಟ್ಟುವ ಅರಿವಿನ ಸಾಧನ. ನ್ಯಾಯದರ್ಶನದ ಗೌತಮನು ಆಪ್ತನ, ಅಂದರೆ ನಂಬಲರ್ಹನಾದವನ, ಮಾತಿಗೆ ಮಾತ್ರ ಈ ಸ್ಥಾನ ಕೊಟ್ಟರೆ, ಭಾಷ್ಯಕಾರ ವಾತ್ಸ್ಯಾಯನನು ಆಪ್ತನಾಗಲು ವಿಷಯವನ್ನು ಸ್ವತಃ ಕಂಡಿರಬೇಕು, ಕಂಡದ್ದನ್ನು ಕಂಡಂತೆಯೇ ತಿಳಿಸುವ ಇಚ್ಛೆಯೂ ಇರಬೇಕು ಎಂದು ವಿವರಿಸಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದನು. ಹುಟ್ಟಾಗಲಿ, ವೇಷವಾಗಲಿ, ಕಾಗದದ ಮೇಲಿನ ಮೊಹರಾಗಲಿ ಆಪ್ತತ್ವವನ್ನು ತಂದುಕೊಡುವುದಿಲ್ಲ ಎಂಬ ತೀರ್ಮಾನ ಇದರಿಂದ ತಾನಾಗಿ ಹೊರಡುತ್ತದೆ.

ಕಾರ್ತಿಕ, ಮಾಘ ಮಾಸಗಳಲ್ಲಿ ಪಂಡಿತರನ್ನು ಕರೆಸಿ ಸಭೆ ನಡೆಸುತ್ತಿದ್ದುದರಿಂದ ವಿದ್ವದ್ಗದ್ವಾಲವೆಂದು ಹೆಸರಾದ, ಈಗಿನ ತೆಲಂಗಾಣದ ಗದ್ವಾಲ ಸಂಸ್ಥಾನದ ಸೀಮೆಯಲ್ಲಿಯೇ ಈ ಪ್ರಶ್ನೆಯನ್ನು ಇಂದು ಮತ್ತೆ ಎತ್ತಬೇಕಾಗಿರುವುದರಲ್ಲಿ ಒಂದು ವಿಪರ್ಯಾಸವಿದೆ. ಆ ಸೀಮೆಗೇ ಸೇರಿ, ರಾಯಚೂರಿನ ಗಡಿಗೆ ತಾಗಿ, ಕೃಷ್ಣಾ ತುಂಗಭದ್ರೆಗಳ ನಡುವಿನ ನಡಿಗಡ್ಡ ಸೀಮೆಯಲ್ಲಿರುವ ಕೆ.ಟಿ. ದೊಡ್ಡಿ, ಅಂದರೆ ಕಾಲೂರು ತಿಮ್ಮನದೊಡ್ಡಿ, 2016ರ ಅಕ್ಟೋಬರ್‌ನಲ್ಲಿ ಮಂಡಲವಾಯಿತು; ಅದಕ್ಕೆ ಮೊದಲು ಅದು ಹಳೆಯ ಮಹಬೂಬ್‌ನಗರ ಜಿಲ್ಲೆಗೆ ಸೇರಿತ್ತು. ಅಣೆಕಟ್ಟು ಕಟ್ಟಲು, ಕಾಲುವೆ ತೋಡಲು ದೇಶದ ಮೂಲೆಮೂಲೆಗೆ ಗುಳೆ ಹೋದ ಆ ಜಿಲ್ಲೆಯ ಜನರಿಗೆ, ಮಹಬೂಬ್‌ನಗರದ ಇನ್ನೊಂದು ಹೆಸರಿನಿಂದ, ಪಾಲಮೂರು ಲೇಬರ್ ಎಂಬ ಹೆಸರೇ ಅಂಟಿಕೊಂಡಿತು. ಅವರನ್ನು ಕೆಲಸಕ್ಕೆ ಒಯ್ಯುತ್ತಿದ್ದವನು ಗುಂಪಿನ ಮೇಸ್ತ್ರಿ. ಮುಂಗಡ ಕೊಟ್ಟು, ಲೆಕ್ಕ ತಾನೇ ಬರೆದು, ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ ಅವನನ್ನು ಸಾಧುವೆಂದು ಯಾರೂ ಕರೆಯಲಾರರು. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯೂ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯೂ ಬಂದದ್ದು ಇಂಥ ವ್ಯವಹಾರಗಳನ್ನು ತಡೆಯಲೆಂದೇ. ಆದರೂ ವಾತ್ಸ್ಯಾಯನನ ಎರಡು ಷರತ್ತುಗಳಲ್ಲಿ ಮೊದಲನೆಯದು ಅವನಲ್ಲಿತ್ತು: ಕೆಲಸದ ಜಾಗವನ್ನು ಅವನು ಕಂಡಿದ್ದನು. ಜೊತೆಗೆ ಅವನ ಮನೆ ಅದೇ ಊರಿನಲ್ಲಿತ್ತು, ಮಾತು ತಪ್ಪಿದರೆ ಅವನ ಅಂಗಳದಲ್ಲಿ ನಿಂತು ಕೇಳಬಹುದಿತ್ತು. ಮೊಬೈಲಿನಲ್ಲಿ ಮಾತ್ರ ಇರುವ ಏಜೆಂಟನಿಗೆ ಅಂಗಳವಿಲ್ಲ.

ಈ ವ್ಯತ್ಯಾಸದ ಬೆಲೆ ಎಷ್ಟೆಂಬುದು 2024ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದಿತು. ನಾರಾಯಣಪೇಟೆಯ ಒಬ್ಬ ಯುವಕನೂ ಕಲಬುರಗಿ ಜಿಲ್ಲೆಯ ಮೂವರೂ ರಷ್ಯಾದಲ್ಲಿ ಸಹಾಯಕರ ಕೆಲಸವೆಂಬ ಮಾತನ್ನು ನಂಬಿ ಹೋಗಿ, ಉಕ್ರೇನ್ ಯುದ್ಧದ ಮುಂಚೂಣಿಗೆ ತಳ್ಳಲ್ಪಟ್ಟಿದ್ದರು. ಯೂಟ್ಯೂಬ್ ವಾಹಿನಿಯೊಂದರ ಮೂಲಕ ಇಂಥ ಕೆಲಸಗಳ ಪ್ರಚಾರ ನಡೆದಿತ್ತು, ಏಜೆಂಟರು ಲಕ್ಷಗಟ್ಟಲೆ ಹಣ ಪಡೆದಿದ್ದರು. ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಇದೇ ಬಗೆಯಲ್ಲಿ ಹೋದ ಹೈದರಾಬಾದಿನ ಒಬ್ಬರೂ ಗುಜರಾತಿನ ಒಬ್ಬರೂ ರಣರಂಗದಲ್ಲಿ ಸತ್ತರು. ಈ ನಾಲ್ವರು ಜೀವಸಹಿತ ಊರು ಸೇರಿದ್ದು ಸೆಪ್ಟೆಂಬರ್‌ನಲ್ಲಿ.

ಮೋಸಹೋದವನನ್ನು ದಡ್ಡನೆಂದು ಜರೆದು, ಇನ್ನು ಯಾರನ್ನೂ ನಂಬಬೇಡ ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಯಾರನ್ನೂ ನಂಬದವನಿಗೆ ತನ್ನ ಹುಟ್ಟಿದ ದಿನವೂ ತಿಳಿಯುವುದಿಲ್ಲ. ನಂಬಿಕೆ ಅರಿವಿನ ದೋಷವಲ್ಲ, ಅದರ ತಳಹದಿ. ಆದ್ದರಿಂದ ಮೀಮಾಂಸಕರು ಬಾಧಕ ಕಾಣುವವರೆಗೆ ಜ್ಞಾನವನ್ನು ಸ್ವತಃ ಪ್ರಮಾಣವೆಂದು ಒಪ್ಪಿದರು. ಅದನ್ನು ಒಪ್ಪದ ನೈಯಾಯಿಕರು ಅರಿವಿನ ಸತ್ಯತೆ ಹೊರಗಿನಿಂದ, ಮುಖ್ಯವಾಗಿ ಕೈಗೊಂಡ ಕಾರ್ಯ ಫಲಿಸುವುದರಿಂದ, ನಿರ್ಣಯವಾಗಬೇಕು ಎಂದರು. ಇಲ್ಲಿ ತೊಡಕಿದೆ: ಹೋದ ಮೇಲೆಯೇ ನಿಜ ತಿಳಿಯುವುದಾದರೆ ಆ ತಿಳಿವಳಿಕೆಯಿಂದ ಪ್ರಯೋಜನವೇನು? ಇದಕ್ಕೆ ನ್ಯಾಯ ಪರಂಪರೆ, ವಿಶೇಷವಾಗಿ ಜಯಂತಭಟ್ಟ, ಕೊಟ್ಟ ಉತ್ತರ ಬಹಳ ವ್ಯಾವಹಾರಿಕವಾದದ್ದು. ನಿತ್ಯದ ಸಣ್ಣ ಕೆಲಸಗಳಲ್ಲಿ ಸಂದೇಹವಿದ್ದರೂ ಮುಂದುವರಿಯಬಹುದು. ಬಹಳ ಹಣ, ಬಹಳ ಶ್ರಮ ಬೇಡುವ, ಫಲ ಕಣ್ಣಿಗೆ ಕಾಣದ ಯಾಗದಂಥ ಕಾರ್ಯದಲ್ಲಿ ಮಾತ್ರ ಮೊದಲೇ ಪ್ರಾಮಾಣ್ಯ ನಿಶ್ಚಯವಾಗಬೇಕು. ಹೊಲ ಅಡವಿಟ್ಟು ಹೋಗುವ ದೂರದೇಶದ ನೌಕರಿ ಯಾಗದ ಸಾಲಿಗೇ ಸೇರಬೇಕಾದದ್ದು.

ನಿಶ್ಚಯ ಹೇಗೆ? ಮಂತ್ರ ಮತ್ತು ಆಯುರ್ವೇದಗಳ ಫಲ ಕಂಡಿರುವುದರಿಂದ ಅದೇ ವಕ್ತೃವಿನ ಕಾಣದ ವಿಷಯದ ಮಾತನ್ನೂ ನಂಬಬಹುದು ಎಂಬುದು ನ್ಯಾಯಸೂತ್ರದ ಪ್ರಸಿದ್ಧ ವಾದ. ಹತ್ತಿ ಬೀಜೋತ್ಪಾದನೆಗೆ ಹೆಸರಾದ ಗದ್ವಾಲ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಹಿಡಿ ಬೀಜವನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ನಾಲ್ಕಾರು ದಿನ ಬಿಟ್ಟು ಬಿಚ್ಚಿ, ಮೊಳೆತ ಕಾಳೆಷ್ಟು ಕೊಳೆತ ಕಾಳೆಷ್ಟು ಎಂದು ಎಣಿಸಿದರೆ ಚೀಲದ ಗುಣ ತಿಳಿಯುತ್ತದೆ. ಹಾಗೆಯೇ ಏಜೆಂಟನ ಮಾತಿನಲ್ಲಿಯೂ ಈಗಲೇ ಪರೀಕ್ಷಿಸಬಹುದಾದ ಕಾಳುಗಳಿರುತ್ತವೆ. 1983ರ ವಲಸೆ ಕಾಯಿದೆಯಂತೆ ವಿದೇಶಕ್ಕೆ ಆಳು ಕಳಿಸುವವನಿಗೆ ನೋಂದಣಿ ಕಡ್ಡಾಯ, ಅದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅವನು ಪಡೆಯಬಹುದಾದ ಸೇವಾಶುಲ್ಕದ ಮಿತಿ ಜಿಎಸ್‌ಟಿ ಬಿಟ್ಟು 30,000 ರೂಪಾಯಿ. ವೀಸಾ ಕೆಲಸದ್ದೋ ಪ್ರವಾಸದ್ದೋ, ಹಣ ಹೋಗುವುದು ಸಂಸ್ಥೆಯ ಖಾತೆಗೋ ಯಾರದೋ ಫೋನ್‌ಪೇ ನಂಬರಿಗೋ ಎಂಬುದೂ ಹೊರಡುವ ಮೊದಲೇ ಗೊತ್ತಾಗುವಂಥದ್ದು.

ಆದರೆ ಈ ವಾದವನ್ನು ವಂಚಕನೂ ಬಲ್ಲನು, ಬಹುಶಃ ಪಂಡಿತನಿಗಿಂತ ಚೆನ್ನಾಗಿ. ಮನೆಯಲ್ಲೇ ಕುಳಿತು ವಿಡಿಯೊಗಳಿಗೆ ಲೈಕ್ ಒತ್ತುವ ಕೆಲಸವೆಂದು ಟೆಲಿಗ್ರಾಂ ಗುಂಪಿಗೆ ಸೇರಿಸಿಕೊಂಡು, ಮೊದಲ ದಿನ ನೂರೈವತ್ತು ರೂಪಾಯಿಯನ್ನು ನಿಜವಾಗಿಯೇ ಖಾತೆಗೆ ಹಾಕಿ, ಮೂರನೆಯ ದಿನ ದೊಡ್ಡ ಠೇವಣಿ ಕೇಳುವವನು ಚೀಲದ ಬಾಯಿಗೆ ಮಾತ್ರ ಒಳ್ಳೆಯ ಬೀಜ ತುಂಬಿದ್ದಾನೆ. ಆದ್ದರಿಂದ ಮಾದರಿಯೊಂದೇ ಸಾಲದು, ಮಾತಿನ ಒಳಗೇ ದೋಷ ಹುಡುಕಬೇಕು. ಆಗಮವೆಂದರೆ ದೋಷವಿಲ್ಲದ ಶಬ್ದ ಎಂದು ಹಿಡಿದ ಮಾಧ್ವ ಪರಂಪರೆಯಲ್ಲಿ, ಜಯತೀರ್ಥರ ಪ್ರಮಾಣಪದ್ಧತಿ ಅಂಥ ದೋಷಗಳನ್ನು ಎಣಿಸುತ್ತದೆ. ಇರುವುದಕ್ಕೆ ವಿರುದ್ಧವಾದುದನ್ನು ತಿಳಿಸುವುದು, ಸಾಧಿಸಲಾಗದ ಉಪಾಯವನ್ನು ಬೋಧಿಸುವುದು, ಹಗುರ ದಾರಿಯಿರುವಾಗ ಭಾರದ ದಾರಿ ತೋರಿಸುವುದು ಅವುಗಳಲ್ಲಿ ಸೇರಿವೆ. ಸಂದರ್ಶನವಿಲ್ಲದ ನೇಮಕ, ಕಲಿಯದ ಕಸುಬಿಗೆ ಲಕ್ಷದ ಸಂಬಳ, ಸಂಬಳ ಪಡೆಯಲು ಮೊದಲು ತಾನೇ ಹಣ ಕಟ್ಟಬೇಕೆಂಬ ನಿಯಮ ಇವನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟರೆ ಯಾವುದು ಯಾವುದರ ಕೆಳಗೆ ಬರುತ್ತದೆ ಎಂಬುದು ಎದ್ದು ಕಾಣುತ್ತದೆ.

ಇನ್ನು ಉಳಿದದ್ದು ನಾಚಿಕೆ. ಹಣ ಕಳೆದುಕೊಂಡವನು ಊರಿನ ನಗೆಗೆ ಹೆದರಿ ಬಾಯಿ ಮುಚ್ಚುತ್ತಾನೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಾದ ಹೊತ್ತನ್ನೂ ಕಳೆಯುತ್ತಾನೆ. ವಾತ್ಸ್ಯಾಯನನ ಲಕ್ಷಣದ ಮೊದಲ ಭಾಗ, ಅಂದರೆ ವಿಷಯವನ್ನು ಸ್ವತಃ ಕಂಡಿರುವಿಕೆ, ಅವನಿಗಿರುವಷ್ಟು ಇನ್ನಾರಿಗೂ ಇಲ್ಲ. ಎರಡನೆಯದಾದ ಹೇಳುವ ಇಚ್ಛೆಯನ್ನು ಊರೇ ಹೊಸಕಿಹಾಕುತ್ತದೆ. ರಷ್ಯಾದಲ್ಲಿ ಸಿಲುಕಿದವರ ಸಂಗತಿ ಹೊರಬಿದ್ದದ್ದಾದರೂ ಅವರು ನಾಚದೆ, ಸೈನ್ಯದ ಉಡುಪಿನಲ್ಲಿಯೇ ಮೊಬೈಲಿನ ಮುಂದೆ ನಿಂತು, ತಾವು ಮೋಸಹೋದೆವು ಎಂದು ಹೇಳಿ ಕಳಿಸಿದ ವಿಡಿಯೊಗಳಿಂದ.